ಕಡಿಮಿ ಇದ್ದಷ್ಟೂ ಛಲೋ

ಸಿದ್ಧಲಿಂಗೇಶ ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮಗಳ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಮೊಣಕಾಲುದ್ದದ ಕರಿ ಬೂಟು. ಎಡಗೈಯನ್ನು ಮೊಣಕೈವರೆಗೂ ಅದರೊಳಗೆ ತೂರಿಸಿ, ಬಲಗೈಯಲ್ಲಿ ಹಳೇ ಬನಿಯನ್ನಿನ ತುಂಡು ಹಿಡಿದು, ತುಟಿ ಬಿಚ್ಚದೆ ತಿಕ್ಕುತ್ತಿದ್ದ. ಸ್ಪರ್ಧೆಯ ದಿನ ಬೆಳಿಗ್ಗೆ ಅಪ್ಪ ಮಾತಾಡಕೂಡದು ಎಂಬುದು ಹದಿನಾಲ್ಕು ವರ್ಷದ ಗಗನಾ ಹಾಕಿದ ಷರತ್ತು. ಹಿಂದಿನ ಸಲ ಅವನು ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊ ಬಡಾವಣೆಯ ಮನೆಯಿಂದ ಕುದುರೆ ಲಾಯದವರೆಗೆ, ಪರೀಕ್ಷೆಯ ಹಾಲಿನಲ್ಲಿ ಹೇಗೆ ಕೂರಬೇಕು, ಮೊದಲು ಯಾವ ಪ್ರಶ್ನೆ ಬಿಡಿಸಬೇಕು ಎಂದು ಇಪ್ಪತ್ತೈದು ನಿಮಿಷ ಹೇಳಿದ್ದ. ಕುದುರೆಯ ಮೇಲೆ ಕೂರುವವಳಿಗೆ ಅದರಿಂದ ಆದ ಉಪಯೋಗ ಅಷ್ಟಕ್ಕಷ್ಟೆ.

ಆದರೆ ಪರೀಕ್ಷೆಯ ಬಗ್ಗೆ ಮಾತಾಡಲು ಅವನಿಗೆ ಅಧಿಕಾರವಿತ್ತು. ಸೆಕೆಂಡ್ ಪಿಯುಸಿಯಲ್ಲಿ ಅವನಿಗೆ ತೊಂಬತ್ತನಾಲ್ಕು ಪರ್ಸೆಂಟ್ ಬಂದಿತ್ತು. ಬೈಲಹೊಂಗಲ ತಾಲೂಕಿಗೇ ಮೊದಲನೆಯವನು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದರೂ ಆ ತೊಂಬತ್ತನಾಲ್ಕು ಮಾತ್ರ ಹಳತಾಗಿರಲಿಲ್ಲ. ಕಾರಿನ ನಂಬರ್ ಪ್ಲೇಟಿಗೆ ಜಾಸ್ತಿ ದುಡ್ಡು ಕಟ್ಟಿ ‘ಸಿದ್ದು 94’ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದ. ಹೊಸಬರು ಅದನ್ನು ಹುಟ್ಟಿದ ವರ್ಷವೆಂದು ತಿಳಿದು ಅವನ ತಲೆಯ ಕಡೆ ನೋಡಿ ಮರುಗುತ್ತಿದ್ದರು. ಇನ್ನು ಕೆಲವರು, ಇವನಿಗೆ ಊರಿನ ತೊಂಬತ್ತನಾಲ್ಕನೇ ನಂಬರಿನ ಹೆದ್ದಾರಿಯ ಮೇಲೆ ಯಾಕಿಷ್ಟು ಪ್ರೀತಿ ಎಂದು ಯೋಚಿಸುತ್ತಿದ್ದರು.

ಎರಡು ಮನೆ ಆಚೆ ಇದ್ದ ಬೆಂಗಳೂರಿನ ಚಂದ್ರಮೋಹನ್ ಪಿಯುಸಿ ಗಣಿತದಲ್ಲಿ ನಾಲ್ಕು ಗ್ರೇಸ್ ಮಾರ್ಕ್ಸ್ ತೆಗೆದುಕೊಂಡು ಪಾಸಾದವನು. ಈ ಸಂಗತಿಯನ್ನು ಅವನೇ ಹನ್ನೊಂದು ವರ್ಷದ ಹಿಂದೆ ಒಂದು ಬರ್ತ್‌ಡೇ ಪಾರ್ಟಿಯಲ್ಲಿ ನಗುತ್ತಾ ಹೇಳಿಕೊಂಡಿದ್ದ. ಅದು ಅವನು ಮಾಡಿದ ತಪ್ಪು. ಅಂದಿನಿಂದ ಸಿದ್ಧಲಿಂಗೇಶ ಎಲ್ಲರಿಗೂ ಅವನನ್ನು, “ಇವ್ರು ನಮ್ಮ ಚಂದ್ರಮೋಹನ್‌ರು, ಗ್ರೇಸ್ ಮಾರ್ಕ್ಸ್‌ದಾಗ ಪಾಸಾದವ್ರು” ಎಂದೇ ಪರಿಚಯಿಸುತ್ತಿದ್ದ. ಇಬ್ಬರೂ ಒಂದೇ ಟೆಲಿಕಾಂ ಕಂಪನಿಯಲ್ಲಿದ್ದರು. ಚಂದ್ರಮೋಹನ್ ಸಿದ್ಧಲಿಂಗೇಶನ ಮ್ಯಾನೇಜರಿನ ಮ್ಯಾನೇಜರ್ ಆಗಿದ್ದ. ಇದನ್ನು ಮಾತ್ರ ಪರಿಚಯದಲ್ಲಿ ಸೇರಿಸುವ ರೂಢಿ ಇರಲಿಲ್ಲ.

ಗಗನಾಳ ಆಟದ ಹೆಸರು ಡ್ರೆಸಾಜ್. ಇದರಲ್ಲಿ ಕುದುರೆ ರೇಸಿನಂತೆ ಓಡುವುದಿಲ್ಲ, ಬೇಲಿ ಹಾರುವುದಿಲ್ಲ. ಮರಳಿನ ಅಂಗಳದಲ್ಲಿ ಹೇಳಿದ ಜಾಗದಲ್ಲಿ ಹೇಳಿದ ಹೆಜ್ಜೆ ಹಾಕಿ, ನಿಲ್ಲು ಎಂದಲ್ಲಿ ನಿಲ್ಲುತ್ತದೆ. ಗೂಡಿನಂಥ ಕ್ಯಾಬಿನ್ನುಗಳಲ್ಲಿ ಕೂತ ತೀರ್ಪುಗಾರರು ಒಂದೊಂದು ಹೆಜ್ಜೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಇಲ್ಲಿಯವರೆಗೆ ಆ ಅಂಕಗಳು ಕವರಿನಲ್ಲಿ ಬರುತ್ತಿದ್ದವು. ಗಗನಾ ಕವರನ್ನು ಬ್ಯಾಗಿಗೆ ಹಾಕಿ ರಿಬ್ಬನ್ನು ಮಾತ್ರ ಅಪ್ಪನಿಗೆ ತೋರಿಸುತ್ತಿದ್ದಳು. ಅಪ್ಪನನ್ನು ಅವಳು ಹದಿನಾಲ್ಕು ವರ್ಷದಿಂದ ಬಲ್ಲವಳು. ರಿಬ್ಬನ್ ಕಂಡ ಸಿದ್ಧಲಿಂಗೇಶ, ಮಗಳಿಗೆ ತೊಂಬತ್ತರ ಮೇಲೆ ಬರುತ್ತಿದೆ ಎಂದು ತಾನೇ ತೀರ್ಮಾನಿಸಿಕೊಂಡಿದ್ದ. ಅವನ ರಕ್ತವಲ್ಲವೇ.

ಈ ವರ್ಷ ಕ್ಲಬ್ಬಿನವರು ದೊಡ್ಡ ಎಲೆಕ್ಟ್ರಾನಿಕ್ ಬೋರ್ಡ್ ತಂದು ನಿಲ್ಲಿಸಿದರು. ತೀರ್ಪುಗಾರರು ಅಂಕ ಹೇಳಿದ ಮರುಕ್ಷಣ ಅದು ಬೋರ್ಡಿನ ಮೇಲೆ. ಕೆಳಗೆ ದಪ್ಪ ಅಕ್ಷರದಲ್ಲಿ ಅಲ್ಲಿಯವರೆಗಿನ ಪರ್ಸೆಂಟೇಜ್. ಸುದ್ದಿ ಕೇಳಿದ ಸಿದ್ಧಲಿಂಗೇಶನಿಗೆ ರಾತ್ರಿ ನಿದ್ದೆ ಬರಲಿಲ್ಲ. ತನ್ನ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ತೊಂಬತ್ತನಾಲ್ಕು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಮಿನುಗುತ್ತಿತ್ತು. ಬೆಳಗಾದದ್ದೇ ಚಂದ್ರಮೋಹನನಿಗೆ ಫೋನ್ ಮಾಡಿ, “ಶನಿವಾರ ಬರ್ರಿ. ನಮ್ಮ ಹುಡುಗಿ ಮಾರ್ಕ್ಸ್ ಲೈವ್ ಬರ್ತಾವ. ನಿಮಗೂ ಒಂದೀಟು ದೊಡ್ಡ ನಂಬರ್ ನೋಡಿದಂಗ ಆಗ್ತೈತಿ” ಎಂದ.

ಚಂದ್ರಮೋಹನ್ ಬಂದ. ಕಾಫಿ ಫ್ಲಾಸ್ಕ್ ಸಮೇತ ಬಂದ.

ಗಗನಾ ಬಿಸ್ಕಿಟ್ ಎಂಬ ಕಂದು ಬಣ್ಣದ ವಯಸ್ಸಾದ ಹೆಣ್ಣು ಕುದುರೆಯ ಮೇಲೆ ಒಳಗೆ ಬಂದಳು. ಸಿದ್ಧಲಿಂಗೇಶ ಬೋರ್ಡನ್ನೇ ನೋಡುತ್ತಿದ್ದ. ಆರು. ಐದೂವರೆ. ಆರು. ಆರು. ಕೆಳಗೆ ದಪ್ಪ ಅಕ್ಷರದಲ್ಲಿ ಐವತ್ತೆಂಟು ಚಿಲ್ಲರೆ. ಮೊದಲು ಅವನು ಬೋರ್ಡ್ ಕೆಟ್ಟಿದೆ ಎಂದುಕೊಂಡ. ಆಮೇಲೆ ಬೇರೆಯವರ ಮಗಳ ಅಂಕ ಇರಬೇಕು ಎಂದುಕೊಂಡ. ಬೋರ್ಡಿನ ತಲೆಯ ಮೇಲೆ ಮಗಳ ಹೆಸರು ಒಂದಕ್ಷರ ತಪ್ಪಿಲ್ಲದೆ ಇತ್ತು.

“ಏನ್ ಸಾರ್,” ಎಂದ ಚಂದ್ರಮೋಹನ್ ಕಾಫಿ ಗುಟುಕರಿಸುತ್ತಾ, “ಐವತ್ತೆಂಟಾ?”

ಅವನ ದನಿಯಲ್ಲಿ ಕುಹಕವಿತ್ತೋ ಇಲ್ಲವೋ ಹೇಳಲಾಗದು. ನಾಲ್ಕು ಗ್ರೇಸ್ ಮಾರ್ಕ್ಸಿನ ಭಾರವನ್ನು ಹನ್ನೊಂದು ವರ್ಷ ಹೊತ್ತವನ ದನಿ ಅದು. ಸಿದ್ಧಲಿಂಗೇಶನ ಬಾಯಿ ಅವನನ್ನು ಕೇಳದೇ ತೆರೆದುಕೊಂಡಿತು.

“ಇದರಾಗ ಕಡಿಮಿ ಇದ್ದಷ್ಟೂ ಛಲೋ.”

“ಹೌದಾ? ಗಾಲ್ಫ್ ಥರ?”

“ಹಾಂ. ಗಾಲ್ಫ್ ಇದ್ದಂಗ.”

ಚಂದ್ರಮೋಹನ್ ಎದ್ದು ನಿಂತು ಕೈಕುಲುಕಿದ. “ಹಾಗಾದ್ರೆ ಐವತ್ತೆಂಟು ಅಂದ್ರೆ ಸೂಪರ್ ಅಲ್ವಾ ಸಾರ್. ಆಗ್ಲೇ ಬಂದ ಹುಡುಗಿಗೆ ಅರವತ್ತಾರು ಬಂತು, ಪಾಪ.” ಬಹುಮಾನ ಕೊಡುವ ಹೊತ್ತಿಗೆ ಸಿದ್ಧಲಿಂಗೇಶ ತನಗೆ ಹೊಟ್ಟೆನೋವೆಂದು ನೆಪ ಹೇಳಿ ಅವನನ್ನು ಕಾರು ಹತ್ತಿಸಿ ಕಳಿಸಿ ಆಗಿತ್ತು. ಮೊದಲ ಬಹುಮಾನದ ನೀಲಿ ರಿಬ್ಬನ್ ಅರವತ್ತಾರರ ಹುಡುಗಿಗೆ ಹೋದದ್ದನ್ನು ನೋಡಿದವರಲ್ಲಿ ಅವನ ಮನೆಯವರನ್ನು ಬಿಟ್ಟರೆ ಕನ್ನಡದವರು ಯಾರೂ ಇರಲಿಲ್ಲ.

ಚಂದ್ರಮೋಹನ್ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ. ಅವನು ದಾರಿಯಲ್ಲೇ ಕಾರು ನಿಲ್ಲಿಸಿಕೊಂಡು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬರೆದ: “ನಮ್ಮ ಗಗನಾಳಿಗೆ ಕುದುರೆ ಸ್ಪರ್ಧೆಯಲ್ಲಿ ಕೇವಲ ಐವತ್ತೆಂಟು. ಅಭಿನಂದನೆಗಳು.” ಸಂಜೆಯೊಳಗೆ ಎಪ್ಪತ್ತು ಜನ ಕೈಮುಗಿದಿದ್ದರು. ಒಬ್ಬರು, ಮುಂದಿನ ಸಲ ನಲವತ್ತಕ್ಕೆ ಇಳಿಯಲಿ ಎಂದು ಹಾರೈಸಿದ್ದರು.

ಬಳಗದ ಅಧ್ಯಕ್ಷ ಓಂಪ್ರಕಾಶ್ ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್‌ನಲ್ಲಿದ್ದವನು. ಸನ್ಮಾನ ಮಾಡಲು ಸದಾ ಒಂದು ಶಾಲು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಿದ್ದ. ಅದಕ್ಕೆ ತಕ್ಕ ಹೆಗಲು ಸಿಗದೆ ಮೂರು ತಿಂಗಳಾಗಿತ್ತು. ಮರುವಾರವೇ ಸ್ಯಾನ್ ಡಿಯೇಗೊದ ಒಂದು ಸ್ಕೂಲಿನ ಹಾಲಿನಲ್ಲಿ ಗಗನಾಳನ್ನು ವೇದಿಕೆ ಹತ್ತಿಸಿದ. “ಇಡೀ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ಕಡಿಮೆ ಅಂಕ ತೆಗೆದ ಇನ್ನೊಬ್ಬ ಕನ್ನಡತಿ ಇಲ್ಲ,” ಎಂದು ಘೋಷಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಲಿನೊಳಗಿಂದ ಗಗನಾ ಅಪ್ಪನನ್ನು ನೋಡಿದಳು. ಅವಳಿಗೆ ಕನ್ನಡ ಮಾತಾಡಲು ಬಾರದಿದ್ದರೂ ಅರ್ಥವಾಗುತ್ತಿತ್ತು.

ಕಾರಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು, ಅಂಕಲ್ ಯಾಕೆ ನನ್ನನ್ನು ಎಲ್ಲರಿಗಿಂತ ಕೆಳಗೆ ಅಂದರು ಎಂದು.

“ನಮ್ಮ ಭಾಷಾದಾಗ ಹೊಗಳೂದು ಹಂಗನ ಮಗಳ,” ಎಂದ ಸಿದ್ಧಲಿಂಗೇಶ. “ವಿನಯ ಅಂತಾರ.”

ಹಿಂದಿನ ಸೀಟಿನಲ್ಲಿ ಅವನ ಅತ್ತೆ ಗುರುಶಾಂತವ್ವ ಕೂತಿದ್ದಳು. ಮಗಳು ವೈಶಾಲಿಯ ಮನೆಗೆಂದು ಆರು ತಿಂಗಳ ಮಟ್ಟಿಗೆ ಬಂದವಳು, ನಾಲ್ಕು ತಿಂಗಳು ಲಾಯದಲ್ಲೇ ಕಳೆದಿದ್ದಳು. ಬಿಸ್ಕಿಟ್‌ನ ಕತ್ತಿನ ಕೂದಲಿಗೆ ಸಣ್ಣ ಸಣ್ಣ ಹೆರಳು ಹಾಕುವ ಕೆಲಸ ಅವಳದೇ. ಕುದುರೆಯ ಒಡತಿ, ಗಗನಾಳ ಕೋಚ್ ಡೋನಾಗೂ ಅವಳಿಗೂ ಇಬ್ಬರೂ ಬಲ್ಲ ಒಂದೇ ಒಂದು ಭಾಷೆ ಇಲ್ಲದಿದ್ದರೂ ಬಲು ಸ್ನೇಹ.

“ಅಳಿಯಂದ್ರ,” ಎಂದಳು ಗುರುಶಾಂತವ್ವ. “ಕೂಸು ಮಾರ್ಕ್ಸ್ ಹೆಚ್ಚು ಬಂದ್ರ ಛಲೋ ಅಂತದ. ನೀವು ಕಡಿಮಿ ಬಂದ್ರ ಛಲೋ ಅಂತೀರಿ. ಕುದರಿ ಯಾರ ಮಾತು ಕೇಳಬೇಕ್ರಿ?”

“ಅತ್ತಿ, ಅದು ಟೆಕ್ನಿಕಲ್ ಐತಿ,” ಎಂದ ಸಿದ್ಧಲಿಂಗೇಶ.

ಅಂದು ರಾತ್ರಿ ಊಟಕ್ಕೆ ವೈಶಾಲಿ ಗಂಡನಿಗೆ ಅರ್ಧ ರೊಟ್ಟಿ ಬಡಿಸಿದಳು. ಇನ್ನರ್ಧ ಎಲ್ಲಿ ಎಂದು ಅವನು ನೋಡಿದರೆ, “ಕಡಿಮಿ ಇದ್ದಷ್ಟೂ ಛಲೋ ಅಲ್ರೀ” ಎಂದಳು. ನಿಜಸ್ಥಿತಿಯನ್ನು ಅವಳಿಗೆ ಮಗಳು ಹೇಳಿದ್ದಳು. ಡ್ರೆಸಾಜಿನಲ್ಲಿ ಅರವತ್ತು ಬಂದರೆ ಚೆನ್ನಾಗಿ ಓಡಿಸಿದಂತೆ. ಎಪ್ಪತ್ತು ಬಂದರೆ ಜನ ಕೈಕುಲುಕಲು ಬರುತ್ತಾರೆ. ತೊಂಬತ್ತನಾಲ್ಕು ಒಲಿಂಪಿಕ್ಸಿನಲ್ಲೂ ಯಾರಿಗೂ ಬಂದದ್ದಿಲ್ಲ. ಇದನ್ನು ಕೇಳಿ ಸಿದ್ಧಲಿಂಗೇಶನಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಆ ಆಟದ ಮೇಲೇ ಸ್ವಲ್ಪ ತಾತ್ಸಾರ ಹುಟ್ಟಿತು.

“ಹಂಗಾದ್ರ ನಾಳೆ ಬಳಗದವ್ರಿಗೆ ಖರೆ ಹೇಳಿಬಿಡ್ರಿ,” ಎಂದಳು ವೈಶಾಲಿ.

“ಶಾಲು ಹೊದಿಸ್ಯಾರ. ಈಗ ಹೆಂಗ ಹೇಳಲಿ?”

“ಶಾಲು ವಾಪಸ್ ಕೊಟ್ಟು ಹೇಳ್ರಿ.”

ಅವನು ಹೇಳಲಿಲ್ಲ. ಹೇಳದೇ ಇದ್ದುದಕ್ಕೆ ದಂಡ ಮುಂದಿನ ತಿಂಗಳು ಬರುವುದಿತ್ತು. ಲಾಸ್ ಏಂಜಲೀಸಿನಲ್ಲಿ ಜೂನಿಯರ್ ಫೈನಲ್. ಅಲ್ಲಿ ಗಗನಾಳಿಗೆ ಅರವತ್ತೈದು ಬಂದರೆ ಬಿಸ್ಕಿಟ್ ಇನ್ನೊಂದು ವರ್ಷ ಅವಳ ಕೈಯಲ್ಲಿ. ಬಾರದಿದ್ದರೆ ಟೊರ್ರಿ ಪೈನ್ಸ್ ಕಡೆಯ ಇನ್ನೊಬ್ಬ ಹುಡುಗಿಗೆ. ಡೋನಾಳ ಲಾಯದಲ್ಲಿ ಕಾಯುವ ಹುಡುಗಿಯರು ಬಹಳ, ಬಿಸ್ಕಿಟ್ ಒಂದೇ. ಅರವತ್ತೈದು ಅಂದರೆ ಅರವತ್ತೈದು ಎಂದು ಡೋನಾ ಎರಡು ಸಲ ಹೇಳಿದ್ದಳು. ಆ ತಿಂಗಳೆಲ್ಲ ಗಗನಾ ಬೆಳಿಗ್ಗೆ ಐದಕ್ಕೆ ಎದ್ದು, ಲಾಯಕ್ಕೆ ಹೋಗಿ ಬಂದು, ಆಮೇಲೆ ಸ್ಕೂಲಿಗೆ ಹೋದಳು. ಸಿದ್ಧಲಿಂಗೇಶನೇ ಡ್ರೈವ್ ಮಾಡಿದ. ಮಗಳು ಕುದುರೆಯ ಕಿವಿಯಲ್ಲಿ ಏನೋ ಹೇಳುವುದನ್ನೂ, ಅದು ತಲೆಯಾಡಿಸುವುದನ್ನೂ ಬೇಲಿಯ ಆಚೆಯಿಂದ ನೋಡುತ್ತಿದ್ದ. ಅವಳು ತನ್ನೊಂದಿಗೆ ಎಂದೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಫೈನಲ್ಲಿನ ದಿನ ಬೆಳಿಗ್ಗೆ ಅವನು ಮಾತಿಲ್ಲದೆ ಬೂಟು ಒರೆಸಿ, ಮಾತಿಲ್ಲದೆ ಕಾರು ಓಡಿಸಿ, ಲಾಸ್ ಏಂಜಲೀಸಿನ ಮೈದಾನದಲ್ಲಿ ಇಳಿದು ನೋಡುತ್ತಾನೆ, ಗ್ಯಾಲರಿಯ ತುಂಬ ಬಳಗ. ಇಪ್ಪತ್ತಾರು ಜನ. ಓಂಪ್ರಕಾಶ್ ಸೆರಿಟೋಸಿನಿಂದ ನಾಲ್ಕು ವ್ಯಾನು ತಂದಿದ್ದ. ಡಬ್ಬಿ ತುಂಬ ಚಿತ್ರಾನ್ನ ಬಂದಿತ್ತು. ಡಿಕ್ಕಿಯಲ್ಲಿ ಹೊಸ ಶಾಲು.

“ಸರ್‌ಪ್ರೈಸ್ ಸಾರ್,” ಎಂದ ಚಂದ್ರಮೋಹನ್. “ನಮ್ಮನೆಯವ್ಳು ಬೆಳಿಗ್ಗೆಯಿಂದ ಉಪವಾಸ ಇದಾಳೆ, ಐವತ್ತರೊಳಗೆ ಬರ್ಲಿ ಅಂತ.”

ಅವನ ಹೆಂಡತಿ ರಾಜಲಕ್ಷ್ಮಿ ಸೊರಗಿದ ಮುಖದಲ್ಲಿ ನಕ್ಕಳು. ಉಪವಾಸ ಕೂತ ಹೆಂಗಸಿನ ಮುಂದೆ ನಿಜ ಹೇಳುವುದು ಹೇಗೆ. ಸಿದ್ಧಲಿಂಗೇಶ ಅವರ ಪಕ್ಕದಲ್ಲಿ ಕೂತ. ಅವನ ಇನ್ನೊಂದು ಪಕ್ಕ ವೈಶಾಲಿ, ಅವಳಾಚೆ ಗುರುಶಾಂತವ್ವ.

ಗಗನಾ ಒಳಗೆ ಬಂದು, ನಿಂತು, ತಲೆಬಾಗಿ ವಂದಿಸಿದಳು. ಇಬ್ಬರು ತೀರ್ಪುಗಾರರ ಅಂಕ ಬೋರ್ಡಿಗೆ ಬಂತು: ಏಳೂವರೆ, ಏಳು. ಪರ್ಸೆಂಟ್ ಎಪ್ಪತ್ತೆರಡೂವರೆ.

ಬಳಗದಿಂದ ಒಂದು ನಿಟ್ಟುಸಿರು ಎದ್ದಿತು.

“ಟೆನ್ಶನ್ ಆಗಿರ್ಬೇಕು ಮಗುಗೆ,” ಎಂದ ಓಂಪ್ರಕಾಶ್. “ಇಳಿಯತ್ತೆ, ಇಳಿಯತ್ತೆ.”

ಇಳಿಯಲಿಲ್ಲ. ಬಿಸ್ಕಿಟ್ ತನ್ನ ವಯಸ್ಸು ಮರೆತಿತ್ತು. ಎಂಟು ಹೆಜ್ಜೆಗಳು ಮುಗಿದಾಗ ಬೋರ್ಡಿನಲ್ಲಿ ಸರಿಯಾಗಿ ಎಪ್ಪತ್ತು. ಬಳಗದಲ್ಲಿ ಯಾರೋ ಮೂಗು ಸೀಟಿದರು. ಸಿದ್ಧಲಿಂಗೇಶನ ಎದೆಯೊಳಗೆ ಡೊಳ್ಳು ಬಾರಿಸುತ್ತಿತ್ತು, ಮುಖದ ಮೇಲೆ ಮಾತ್ರ ಸಾವಿನ ಮನೆಯ ಕಳೆ ಇಟ್ಟುಕೊಳ್ಳಬೇಕಾಗಿತ್ತು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಅವನ ಎಡಗಣ್ಣು ಅದುರತೊಡಗಿತು. ಚಂದ್ರಮೋಹನ್ ಅವನ ಬೆನ್ನು ಸವರಿ, “ಧೈರ್ಯ ತಗೊಳ್ಳಿ ಸಾರ್. ನಾನೂ ಗಣಿತದಲ್ಲಿ ಹೀಗೇ ಅನುಭವಿಸಿದೀನಿ” ಎಂದ.

ಒಂಬತ್ತನೆಯ ಹೆಜ್ಜೆಗೆ ಬಿಸ್ಕಿಟ್ ಗ್ಯಾಲರಿಯ ಹತ್ತಿರ ತಿರುಗುವಾಗ ಒಂದು ಚಿತ್ರಾನ್ನದ ಡಬ್ಬಿಯ ಮುಚ್ಚಳ ಉರುಳಿ ಬಿತ್ತು. ಕುದುರೆ ಬೆಚ್ಚಿ ಪಕ್ಕಕ್ಕೆ ಸರಿಯಿತು. ಬೋರ್ಡಿನಲ್ಲಿ ನಾಲ್ಕು, ನಾಲ್ಕೂವರೆ. ಎಪ್ಪತ್ತು ಅರವತ್ತಾರಕ್ಕೆ ಇಳಿಯಿತು.

ಇಪ್ಪತ್ತಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಡ್ರೆಸಾಜ್ ನಡೆಯುವಾಗ ಸೀನಿದರೂ ಜನ ತಿರುಗಿ ನೋಡುತ್ತಾರೆ. ಬಿಸ್ಕಿಟ್ ತನ್ನ ಹದಿನೇಳು ವರ್ಷದ ಬಾಳಿನಲ್ಲಿ ಇಂಥ ಸದ್ದು ಕೇಳಿರಲಿಲ್ಲ. ಕಿವಿ ಹಿಂದಕ್ಕೆ ಮಾಡಿ, ಕುಣಿದು, ಮುಂದಿನ ಹೆಜ್ಜೆ ತಪ್ಪಿಸಿತು. ನಾಲ್ಕೂವರೆ, ನಾಲ್ಕು. ಅರವತ್ತನಾಲ್ಕೂವರೆ.

“ಬರ್ತಾ ಇದೆ, ಬರ್ತಾ ಇದೆ,” ಎಂದು ರಾಜಲಕ್ಷ್ಮಿ ಕಣ್ಣು ಮುಚ್ಚಿ ಕೈಮುಗಿದಳು. ಚಪ್ಪಾಳೆ ಇನ್ನೂ ಜೋರಾಯಿತು. ಹ್ಯಾಟು ಹಾಕಿದ ಅಧಿಕಾರಿಣಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದಳು. ಓಂಪ್ರಕಾಶ್ ಅದನ್ನು ಮೆಚ್ಚುಗೆ ಎಂದು ತಿಳಿದು ಅವಳಿಗೂ ಕೈಮುಗಿದ. ಅರವತ್ತಮೂರು.

ಸಿದ್ಧಲಿಂಗೇಶ ಎದ್ದು ನಿಂತ. ಮಗಳ ಬೆನ್ನು ಕಾಣುತ್ತಿತ್ತು. ಅವಳು ಒಂದು ಕೈಯಿಂದ ಕುದುರೆಯ ಕತ್ತು ನೇವರಿಸುತ್ತಿದ್ದಳು.

“ಸುಮ್ನಿರ್ರಿ,” ಎಂದ. “ಚಪ್ಪಾಳಿ ಹೊಡೀಬ್ಯಾಡ್ರಿ. ಇದರಾಗ ಹೆಚ್ಚಿದ್ರನ ಛಲೋ.”

ಚಂದ್ರಮೋಹನ್ ಅವನನ್ನು ಮರುಕದಿಂದ ನೋಡಿದ. “ಕೂತ್ಕೊಳ್ಳಿ ಸಾರ್. ಸ್ವಲ್ಪ ನೀರು ಕುಡೀರಿ.”

“ಖರೇನ ಹೇಳಾಕತ್ತೀನ್ರಿ. ನಾ ಸುಳ್ಳ ಹೇಳಿದ್ದೆ.”

“ಪಾಪ, ಬಿಪಿ ಏರಿದೆ,” ಎಂದ ಓಂಪ್ರಕಾಶ್ ಹಿಂದಿನವರಿಗೆ.

ಎಂದೂ ಸುಳ್ಳು ಹೇಳದವನೆಂದು ಅವನಿಗಿದ್ದ ಹೆಸರು ಈಗ ಅವನಿಗೇ ಮುಳುವಾಯಿತು. ತೊಂಬತ್ತನಾಲ್ಕು ತೆಗೆದವನು ಸುಳ್ಳು ಹೇಳುವನೆಂದು ಯಾರೂ ನಂಬಲೊಲ್ಲರು. ಆಗ ಗುರುಶಾಂತವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ದನಿ ದೊಡ್ಡದಲ್ಲ.

“ನಮ್ಮ ಅಳಿಯ ಮಾನಕ್ಕ ಅಂಜಿ ಸುಳ್ಳು ಹೇಳ್ಯಾನ. ಕೂಸಿಗೆ ಅರವತ್ತೈದು ಬರ್ಲಿಲ್ಲ ಅಂದ್ರ ಆ ಕುದರಿ ಕೈಬಿಟ್ಟು ಹೋಗತೈತಿ. ಕುಂದರ್ರಿ ಎಲ್ಲಾರೂ.”

ಎಲ್ಲರೂ ಕೂತರು. ಅಧ್ಯಕ್ಷನೂ ಕೂತ. ರಾಜಲಕ್ಷ್ಮಿ ಕಣ್ಣು ತೆರೆದು, ಯಾವುದಕ್ಕಾಗಿ ಉಪವಾಸವಿದ್ದೆ ಎಂದು ಗಂಡನ ಮುಖ ನೋಡಿ, ಒಂದು ಡಬ್ಬಿ ಸದ್ದಿಲ್ಲದೆ ಬಿಚ್ಚಿ ಚಿತ್ರಾನ್ನ ತಿನ್ನತೊಡಗಿದಳು.

ಬೋರ್ಡಿನಲ್ಲಿ ಅಂಕ ಏರಿತು. ಏಳು, ಏಳು. ಮತ್ತೆ ಏಳು, ಏಳು. ಅರವತ್ತನಾಲ್ಕು ಚಿಲ್ಲರೆ. ಇಪ್ಪತ್ತಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹದಿನೇಳನೆಯ ಹೆಜ್ಜೆಗೆ ಸರಿಯಾಗಿ ಅರವತ್ತೈದು. ಹತ್ತೊಂಬತ್ತಕ್ಕೆ ಅರವತ್ತೈದೂವರೆ ದಾಟಿತು. ಇನ್ನುಳಿದದ್ದು ಒಂದೇ. ಬಂದ ದಾರಿಯಲ್ಲಿ ನೆಟ್ಟಗೆ ಬಂದು, ಅಲ್ಲಾಡದೆ ನಿಂತು, ವಂದಿಸುವುದು. ಬಿಸ್ಕಿಟ್ ಬಂದಿತು. ನಿಲ್ಲಲು ನಾಲ್ಕು ಕಾಲನ್ನೂ ಜೋಡಿಸಿತು.

ಇಪ್ಪತ್ತೊಂಬತ್ತು ವರ್ಷದಲ್ಲಿ ತೊಂಬತ್ತನಾಲ್ಕಲ್ಲದ ಒಂದು ನಂಬರು ಸಿದ್ಧಲಿಂಗೇಶನಿಗೆ ಇಷ್ಟು ಚೆಂದ ಕಂಡದ್ದು ಇದೇ ಮೊದಲು. ಅವನ ಕೈ ಅವನನ್ನು ಕೇಳಲಿಲ್ಲ. ಆ ನಿಶ್ಶಬ್ದದಲ್ಲಿ ಒಬ್ಬನೇ ಒಬ್ಬ, ಎರಡು ಅಂಗೈಯನ್ನೂ ಸೇರಿಸಿ ಫಟ್ ಎಂದು ಒಂದು ಚಪ್ಪಾಳೆ ಹೊಡೆದ.

ಬಿಸ್ಕಿಟ್ ಹಾರಿಬಿತ್ತು.

ಐದು. ಐದೂವರೆ. ಬೋರ್ಡು ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು: 64.875.

ಓಂಪ್ರಕಾಶ್ ಮುಂದೆ ಬಾಗಿ ಮೆಲ್ಲಗೆ ಕೇಳಿದ, “ಸಾರ್, ಈಗ ಚಪ್ಪಾಳೆ ಹೊಡೀಬೇಕಾ, ಬೇಡ್ವಾ?”

ಸಿದ್ಧಲಿಂಗೇಶ ಲೆಕ್ಕ ಹಾಕುತ್ತಿದ್ದ. ಲೆಕ್ಕದಲ್ಲಿ ಅವನು ಎಂದೂ ತಪ್ಪಿದವನಲ್ಲ. ಇಪ್ಪತ್ತು ಹೆಜ್ಜೆ, ಇಬ್ಬರು ತೀರ್ಪುಗಾರರು, ಒಟ್ಟು ನಾನೂರು ಅಂಕ. ಬೇಕಾದದ್ದು ಇನ್ನೂರ ಅರವತ್ತು. ಬಂದದ್ದು ಇನ್ನೂರ ಐವತ್ತೊಂಬತ್ತೂವರೆ. ಅವನು ಮೂರು ಸಲ ಕೂಡಿಸಿದ. ಮೂರು ಸಲವೂ ಅಷ್ಟೇ ಬಂತು.

ಕೆಳಗೆ ಲಾಯದ ದಾರಿಯಲ್ಲಿ ಡೋನಾ ಗಗನಾಳ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದಳು. ಗಗನಾ ತಲೆಯಾಡಿಸಿದಳು. ಆ ಟೊರ್ರಿ ಪೈನ್ಸ್ ಹುಡುಗಿಯೂ ಅಲ್ಲೇ ಇದ್ದಳು, ಎತ್ತ ನೋಡಬೇಕೆಂದು ತಿಳಿಯದೆ ತನ್ನ ಬೂಟು ನೋಡುತ್ತಿದ್ದಳು. ಗುರುಶಾಂತವ್ವ ಆಗಲೇ ಇಳಿದು ಹೋಗಿ ಬಿಸ್ಕಿಟ್‌ನ ಹೆರಳು ಒಂದೊಂದಾಗಿ ಬಿಚ್ಚುತ್ತಿದ್ದಳು. ವೈಶಾಲಿ ಗಂಡನ ಕಡೆ ನೋಡದೆ ಮಗಳ ಹತ್ತಿರ ಹೋದಳು.

ಸಿದ್ಧಲಿಂಗೇಶ ಮಾತ್ರ ಬೇರೆ ಕಡೆ ನಡೆದ. ಅಂಗಳದ ಸುತ್ತ ಹೋಗಿ, ಮುಖ್ಯ ತೀರ್ಪುಗಾರ್ತಿಯ ಕ್ಯಾಬಿನ್ನಿನ ಕಿಟಕಿಯ ಮುಂದೆ ನಿಂತ. ಅವನ ಹಿಂದೆ, ಹಿಂದೆಯೇ, ಚಂದ್ರಮೋಹನ್ ಬಂದ.

“ಕೇಳಿ ಸಾರ್, ನಾಚ್ಕೋಬೇಡಿ,” ಎಂದ ಚಂದ್ರಮೋಹನ್. ಅವನ ದನಿಯಲ್ಲಿ ಈ ಸಲ ಕುಹಕವಿರಲಿಲ್ಲ. “ನನಗೆ ನಾಲ್ಕು ಕೊಟ್ರು. ನಿಮಗೆ ಬೇಕಾಗಿರೋದು ಅರ್ಧ.”

ಕಿಟಕಿಯ ಒಳಗೆ ವಯಸ್ಸಾದ ಹೆಂಗಸು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಬೋರ್ಡಿನ ಮೇಲೆ ಗಗನಾಳ ಹೆಸರು ಹೋಗಿ ಮುಂದಿನವರ ಹೆಸರು ಬಂತು, ಕೆಳಗೆ ಸೊನ್ನೆ. ಮಾತು ಇಂಗ್ಲಿಷಿನಲ್ಲಿ ಆಡಬೇಕೆಂಬುದು ಸಿದ್ಧಲಿಂಗೇಶನಿಗೆ ಮರೆತೇಹೋಗಿತ್ತು. ಅವನು ಎರಡೂ ಕೈ ಜೋಡಿಸಿದ, ಸದ್ದಾಗದ ಹಾಗೆ.

“ಅರ್ಧ ಮಾರ್ಕ್ ಗ್ರೇಸ್ ಕೊಡ್ರಿ,” ಎಂದ.